ಉಲ್ಲನ್ ಅಂಟಿಸಿದ ಸೊಂಟದ ಮೂಳೆ

ಹೋದ ತಿಂಗಳು ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ‘ಮೂಳೆ ಮೇಷ್ಟ್ರು ಹೋಗ್ಬಿಟ್ರು’ ಅಂತ ಸುದ್ದಿ ಬಂತು. ಅವರ ನಿಜವಾದ ಹೆಸರನ್ನು ನಾವ್ಯಾರೂ ಬಳಸಿದವರಲ್ಲ. ತೊಂಬತ್ತರ ದಶಕದಲ್ಲಿ ಈ ಮೆಡಿಕಲ್ ಕಾಲೇಜಿನಲ್ಲಿ ಓದಿದ್ದರಲ್ಲಿ ಬಯೋಕೆಮಿಸ್ಟ್ರಿ ಪರೀಕ್ಷೆಯ ಸಂಜೆಯೇ ಮರೆತುಹೋಯಿತು. ಮೇಷ್ಟ್ರ ಸೊಂಟದ ಮೂಳೆ ಮಾತ್ರ ಮರೆತಿಲ್ಲ.

ಅದಕ್ಕೆ ಕಾರಣ ನಮ್ಮದೇ ಕಿತಾಪತಿ. ಒಂದು ಶನಿವಾರ ಹಾಸ್ಟೆಲ್ ಪಟಾಲಂ ಸೇರಿ ಅನಾಟಮಿ ವಿಭಾಗದ ಮೂಳೆಯೊಂದನ್ನು ಅವರ ಸ್ಕೂಟರಿನ ಡಿಕ್ಕಿಗೆ ತುರುಕಿದ್ದೆವು. ಮನೆಯಲ್ಲಿ ಡಿಕ್ಕಿ ತೆಗೆದದ್ದು ಅಮ್ಮಾವ್ರು, ತರಕಾರಿ ಇರಬಹುದೆಂದು! ಸೋಮವಾರ ಸರ್ ಬೈಯಲಿಲ್ಲ. ಅದೇ ಮೂಳೆ ಹಿಡಿದು ಕ್ಲಾಸಿಗೆ ಬಂದರು. ಅದರ ಒಳಮೈಗೆ ಅಮ್ಮಾವ್ರ ಸ್ವೆಟರ್ ಬುಟ್ಟಿಯ ಕೆಂಪು, ನೀಲಿ ಉಲ್ಲನ್ ಅಂಟಿಸಿದ್ದರು. ಕೆಂಪು ಅಪಧಮನಿ, ನೀಲಿ ಅಭಿಧಮನಿ. ಸೊಂಟದ ಮುಂಭಾಗದ ಮೂಳೆಯ ತುದಿಯಿಂದ ತೊಡೆಮೂಳೆ ಕೂರುವ ಕೀಲಿನ ಬಟ್ಟಲಿನ ನಡುವಿಗೆ ಹಾಯುವಂತೆ ಒಂದು ಗೆರೆ, ಅದಕ್ಕೆ ಅಡ್ಡಲಾಗಿ ಇನ್ನೊಂದು ಎಳೆದರು. ಬಟ್ಟಲು ನಾಲ್ಕು ಮನೆಯಾಯಿತು. ಸೊಂಟದ ಕೀಲು ಬದಲಿಸುವಾಗ ಕೃತಕ ಬಟ್ಟಲಿನ ಸ್ಕ್ರೂ ಎಲ್ಲಿ ಹಾಕಬೇಕೆಂದು ತೋರಿಸಲು 1990ರಲ್ಲಿ ವಾಸಿಲೆವ್ಸ್ಕಿ ಮತ್ತು ಸಂಗಡಿಗರು ಪ್ರಕಟಿಸಿದ ನಕ್ಷೆ ಅದು ಅಂತ ಗೊತ್ತಾದದ್ದು ಪಿ.ಜಿ.ಗೆ ಸೇರಿದ ಮೇಲೆ.

“ಬಟ್ಟಲು ಕೂರಿಸೋ ಸ್ಕ್ರೂ ಹಿಂದಿನ ಎರಡು ಮನೇಲಿ ಹಾಕ್ರೋ. ಮುಂದಿನ ಮೇಲಿನ ಮನೆ ಹಿಂದುಗಡೆ ಎಕ್ಸ್‌ಟರ್ನಲ್ ಇಲಿಯಾಕ್ ರಕ್ತನಾಳ ಇದೆ, ಕೆಳಗಿನ ಮನೇಲಿ ಆಬ್ಚುರೇಟರ್ ನಾಳ” ಎಂದು, ಕಣ್ಣು ಮುಚ್ಚಿಸಿ ಮೂಳೆ ಮುಟ್ಟಿಸುತ್ತಿದ್ದರು. ಬೆರಳು ಉಲ್ಲನ್‌ಗೆ ತಾಗಿದರೆ “ಹೋದ ನಿನ್ನ ಪೇಷಂಟು!”

ಆಪರೇಷನ್ ಟೇಬಲ್ ಮೇಲೆ ರಕ್ತ ಚಿಮ್ಮಿದರೆ ಕಾಣುತ್ತದೆ, ಒತ್ತಿ ಹಿಡಿಯಬಹುದು. ಸ್ಕ್ರೂ ಆಚೆ ದಾಟಿ ನಾಳ ಹರಿದರೆ ಸೋರುವುದೆಲ್ಲ ಕಿಬ್ಬೊಟ್ಟೆಯ ಹಿಂದಕ್ಕೆ. ನಾವು ಕೊಯ್ದ ಗಾಯ ಒಣಗಿಕೊಂಡೇ ಇರುತ್ತದೆ, ಬಿ.ಪಿ. ಇಳಿಯುತ್ತದೆ, ನಾಡಿ ಓಡುತ್ತದೆ. ಆಗ ಸುಮ್ಮನೆ ರಕ್ತ ಏರಿಸುತ್ತಾ ಕೂರದೆ ರಕ್ತನಾಳ ಹೊಲಿಯುವ ವ್ಯಾಸ್ಕುಲರ್ ಸರ್ಜನ್‌ರನ್ನು ಕರೆಯಬೇಕು. ಇಂಥದ್ದು ಅಪರೂಪ, ಆದರೆ ಹಳೆಯ ಬಟ್ಟಲು ಒಳಕ್ಕೆ ಕುಸಿದಿರುವ ಮರುಶಸ್ತ್ರಚಿಕಿತ್ಸೆಯಲ್ಲಿ ಭಯ ಹೆಚ್ಚು. ಅಂಥ ಕೇಸುಗಳು ನಮ್ಮೂರಿನಲ್ಲಿ ನನ್ನ ಹತ್ತಿರವೇ ಬರುತ್ತವೆ (ಹೇಳಿಕೊಳ್ಳಬಾರದು), ರಕ್ತನಾಳ ತೋರಿಸುವ ಸಿ.ಟಿ. ಆಂಜಿಯೋಗ್ರಾಂ ನೋಡದೆ ನಾನು ಚಾಕು ಹಿಡಿಯುವುದಿಲ್ಲ.

ಈಗಿನ ಹುಡುಗರು ಟ್ಯಾಬಿನಲ್ಲಿ ಕೀಲನ್ನು ಚೆನ್ನಾಗಿಯೇ ತಿರುಗಿಸುತ್ತಾರೆ. ಟ್ರಾನೆಕ್ಸಾಮಿಕ್ ಆಸಿಡ್ ಕೊಟ್ಟಿದ್ದೇವಲ್ಲ ಸರ್, ರಕ್ತದ ಚಿಂತೆ ಯಾಕೆ ಅನ್ನುತ್ತಾರೆ. ಅದು ಜಿನುಗುವುದನ್ನು ಕಮ್ಮಿ ಮಾಡೀತು, ಹರಿದ ನಾಳವನ್ನು ಹೊಲಿಯುತ್ತದೆಯೇ?

ಮೇಷ್ಟ್ರ ಹೆಸರಿನಲ್ಲಿ ಸಭಾಂಗಣದ ಮಾತು ನಡೆದಿದೆಯಂತೆ. ಅದಕ್ಕಿಂತ, ಕಪಾಟಿನ ಬೀಗ ತೆಗೆದು ಮೂಳೆಗಳನ್ನು ಹುಡುಗರ ಕೈಗೆ ಕೊಡಿ. ಒಂದೆರಡು ಕಳುವಾದರೆ ನಮ್ಮ ಬ್ಯಾಚ್ ಹೊಸದು ಕೊಡಿಸುತ್ತದೆ.