ಕೊರಳು ಅಲ್ಲಾಡಿಸಬ್ಯಾಡ್ರಿ

ನಿನ್ನೆ ಸಂಜೆ ಕಾರಟಗಿ ದಾಟಿ ಸಿಂಧನೂರು ರಸ್ತೆಯಲ್ಲಿ, ಒಣಗಲು ಹರವಿದ್ದ ಭತ್ತದ ಮೇಲೆ ಒಂದು ಬೈಕ್ ಜಾರಿ ಬಿದ್ದಿತ್ತು. ಹುಡುಗನಿಗೆ ಎಚ್ಚರವಿತ್ತು. ಹೆಲ್ಮೆಟ್ಟಿನ ಗಾಜಿನ ಸಂದಿಯಲ್ಲಿ ಭತ್ತದ ಕಾಳು ಸಿಕ್ಕಿಕೊಂಡಿದ್ದವು. ನಾಲ್ಕು ಮಂದಿ ಕೈಕಾಲು ಹಿಡಿದು ಆಟೋಗೆ ಹಾಕಲು ಓಡಿಬಂದರು, ಪಾಪ, ಒಳ್ಳೆಯ ಮನಸ್ಸಿನಿಂದಲೇ.

"ಅಣ್ಣಾ, ಎತ್ತಬ್ಯಾಡ್ರಿ, ಕೊರಳು ಅಲ್ಲಾಡ್ತೈತಿ!" ಅಂತ ಕೂಗಿದೆ. ಹೆಲ್ಮೆಟ್ ತೆಗೆಯಲೂ ಬಿಡಲಿಲ್ಲ. 108 ಬರುವತನಕ ಅವನ ತಲೆಯನ್ನು ಎರಡೂ ಕೈಯಲ್ಲಿ ಅಲುಗದಂತೆ ಹಿಡಿದು ಕೂತೆ.

ಕುತ್ತಿಗೆಯಲ್ಲಿರುವುದು 7 ಮೂಳೆ. ಅವುಗಳೊಳಗೆ ಹಾಯುವ ಬೆನ್ನುಹುರಿ ಕಿರುಬೆರಳಿನಷ್ಟು ದಪ್ಪ. ಮುರಿದ ಮೂಳೆ ಸರಿದು ಅದಕ್ಕೆ ಒತ್ತಿದರೆ ಕೈಕಾಲಿನ ಬಲ ಹೋಗಬಹುದು, ಮೇಲ್ಭಾಗದಲ್ಲಾದರೆ ಉಸಿರೂ.

ಕೊರಳಿಗೆ ಪಟ್ಟಿ ಕಟ್ಟುವಾಗ ಅವನು ಬಲಗಾಲಿನ ಹೆಬ್ಬೆರಳು ಅಲುಗಿಸಿದ. ನನಗೆ ಅಳು ತಡೆಯಲಾಗಲಿಲ್ಲ.