ನಿಂತೇ ದುಡಿದ ಕಾಲುಗಳ ವೈದ್ಯರು

ರಬಕವಿಯ ಪವರ್‌ಲೂಮಿನಲ್ಲಿ ದಿನವಿಡೀ ನಿಂತೇ ದುಡಿದ ನಮ್ಮ ಕಾಕಾನನ್ನು ಬೆಳಗಾವಿಯ ರಕ್ತನಾಳ ತಜ್ಞರೊಬ್ಬರ ಬಳಿ ಕರೆದುಕೊಂಡು ಹೋಗಿದ್ದೆ. ಹೊರಗೆ ಬೆಂಚಿನ ಮೇಲೆ ಬಸ್ ಕಂಡಕ್ಟರ್, ಹೋಟೆಲಿನ ಮಾಣಿ, ಶಾಲೆಯ ಶಿಕ್ಷಕಿ. ಎಲ್ಲರದೂ ಒಂದೇ ದೂರು: ಸಂಜೆಯಾದರೆ ಕಾಲು ಭಾರ.

ವೈದ್ಯರು ಕಾಕಾನನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ತಾವು ಕೆಳಗೆ ಕುಳಿತು, ರಕ್ತದ ಹರಿವನ್ನು ಪರದೆಯಲ್ಲಿ ತೋರಿಸುವ ಡಾಪ್ಲರ್ ಹಚ್ಚಿ ಮೀನಖಂಡವನ್ನು ಒಮ್ಮೆ ಹಿಂಡಿ ಬಿಟ್ಟರು. ಪರದೆಯಲ್ಲಿ ಮೊದಲು ನೀಲಿ, ಕೈ ಬಿಟ್ಟೊಡನೆ ಕೆಂಪು. ಮೇಲೇರಿದ ರಕ್ತ ಮತ್ತೆ ಕೆಳಗಿಳಿಯುತ್ತಿತ್ತು. ರಕ್ತವನ್ನು ಹೃದಯಕ್ಕೆ ಮರಳಿಸುವ ರಕ್ತನಾಳ, ಅಂದರೆ ಅಭಿಧಮನಿಯೊಳಗಿನ ಪುಟ್ಟ ಕವಾಟಗಳು ಸೋತರೆ ಹೀಗಾಗುತ್ತದೆ. ರಕ್ತ ಕಾಲಿನಲ್ಲೇ ನಿಂತು ರಕ್ತನಾಳ ಉಬ್ಬುತ್ತದೆ, ಪಾದದ ಗಂಟಿನ ಬಳಿಯ ಚರ್ಮ ಕಪ್ಪಾಗುತ್ತದೆ, ಆಮೇಲೆ ಮಾಯದ ಹುಣ್ಣು.

ಎಂಬಿಬಿಎಸ್‌ಗೆ ಐದೂವರೆ ವರ್ಷ, ಎಂಎಸ್‌ಗೆ 3, ರಕ್ತನಾಳ ಶಸ್ತ್ರಚಿಕಿತ್ಸೆಯ ಎಂಸಿಎಚ್‌ಗೆ ಇನ್ನೂ 3. ಇಷ್ಟು ಓದಿದವರು ಒಬ್ಬ ನೇಕಾರನ ಪಾದದ ಬಳಿ ಕುಳಿತು, ಆ ಕಪ್ಪಾದ ಚರ್ಮವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡುತ್ತಿದ್ದರು. ನನಗೆ ಮಾತೇ ಹೊರಡಲಿಲ್ಲ. ಹೃದಯದ ವೈದ್ಯರಿಗಿರುವ ಹೆಸರು ಇವರಿಗೆ ಊರಿನಲ್ಲಿಲ್ಲ, ಇರಬೇಕಿತ್ತು.

ಹಿಂದೆ ತೊಡೆಸಂದಿಯಲ್ಲಿ ಕೊಯ್ದು ಆ ರಕ್ತನಾಳವನ್ನೇ ಎಳೆದು ತೆಗೆಯುತ್ತಿದ್ದರು. ಈಗ ಸೂಜಿಯ ದಾರಿಯಲ್ಲಿ ಲೇಸರ್ ತಂತು ಇಳಿಸಿ ಒಳಗಿನಿಂದಲೇ ಮುಚ್ಚುತ್ತಾರೆ. ಹೆಚ್ಚಿನವರು ಅದೇ ದಿನ ನಡೆದು ಮನೆಗೆ ಹೋಗುತ್ತಾರೆ.

ಕಾಕಾನಿಗೆ ಮುಂದಿನ ವಾರ ಚಿಕಿತ್ಸೆ. ನಿಮ್ಮ ಮನೆಯಲ್ಲೂ ನಿಂತು ದುಡಿಯುವವರಿದ್ದರೆ ಇಂದೇ ಅವರ ಪಾದದ ಗಂಟಿನ ಒಳಬದಿ ನೋಡಿ. ಬಣ್ಣ ಬದಲಾಗಿದ್ದರೆ ಅರಿಸಿನ ಹಚ್ಚಿ ಕಾಯಬೇಡಿ, ವೈದ್ಯರಿಗೆ ತೋರಿಸಿ.