ಬೆಳಿಗ್ಗೆ ಕಡಲಬದಿ, ಸಂಜೆ ಹೊಳೆಬದಿ

ಮಲ್ಪೆಯಲ್ಲಿ ಸಂಜೆ ತೆಗೆದ ಕಡಲಕ್ಕಿಯ ಫೋಟೊಗಳು ಹೆಚ್ಚಾಗಿ ಬರೀ ಕಪ್ಪು ಆಕೃತಿಗಳಾಗಿ ಬರುತ್ತವೆ. ತಪ್ಪು ಕ್ಯಾಮೆರಾದ್ದಲ್ಲ, ಹೊತ್ತಿನದು. ನಮ್ಮ ಕಡಲು ಪಡುವಣಕ್ಕಿದೆ. ಸಂಜೆ ದಡದಲ್ಲಿ ನಿಂತು ನೀರಿನತ್ತ ಲೆನ್ಸ್ ಹಿಡಿದರೆ ಸೂರ್ಯ ಹಕ್ಕಿಯ ಹಿಂದಿರುತ್ತಾನೆ. ಗರಿಯ ಬಣ್ಣ, ಕಣ್ಣಿನ ಹೊಳಪು ಬೇಕೆಂದರೆ ಕಡಲಬದಿಗೆ ಬೆಳಿಗ್ಗೆಯೇ ಹೋಗಬೇಕು. ಆಗ ಬಿಸಿಲು ನಮ್ಮ ಬೆನ್ನ ಹಿಂದಿನಿಂದ ಬಂದು ಹಕ್ಕಿಯ ಮೈಮೇಲೆ ಬೀಳುತ್ತದೆ.

ಹಾಗೆಂದು ತೀರಾ ಬೇಗ ಹೋಗಿಯೂ ಲಾಭವಿಲ್ಲ. ಜನವರಿಯಲ್ಲಿ ಸೂರ್ಯ ಹುಟ್ಟುವುದೇ 7ರ ಹತ್ತಿರ. ದಡದ ತೆಂಗಿನ ತೋಟದ ನೆರಳು ಮರಳಿನಿಂದ ಸರಿಯಲು ಇನ್ನೂ ಅರ್ಧ ಗಂಟೆ ಬೇಕು. 9.30 ದಾಟಿದರೆ ಮರಳು ಕಾದು ಅದರ ಮೇಲಿನ ಗಾಳಿ ನಡುಗತೊಡಗುತ್ತದೆ. ಆಮೇಲೆ 40 ಮೀಟರ್ ದೂರದ ಹಕ್ಕಿ ಎಷ್ಟು ಫೋಕಸ್ ಮಾಡಿದರೂ ಮಸುಕೇ. ಶಟರ್ ವೇಗ ಹೆಚ್ಚಿಸಿದರೂ ಇದು ಸರಿಹೋಗುವುದಿಲ್ಲ. ಲೆನ್ಸೇ ಕೆಟ್ಟಿದೆಯೆಂದು ಸರ್ವಿಸ್‌ಗೆ ಕೊಡುವವರಿದ್ದಾರೆ. ಅದಕ್ಕೂ ಮೊದಲು ಅದೇ ಲೆನ್ಸಿನಲ್ಲಿ ತಂಪು ಹೊತ್ತಿನಲ್ಲಿ 10 ಮೀಟರ್ ದೂರದ್ದೊಂದನ್ನು ತೆಗೆದು ನೋಡಿ.

ಅಂದರೆ ಸಿಗುವುದು ಎರಡೇ ಗಂಟೆ. ಆ ಎರಡು ಗಂಟೆ ಉಬ್ಬರದ ಜೊತೆ ಕೂಡಿಬಂದ ದಿನವನ್ನೇ ಆರಿಸಿಕೊಳ್ಳಬೇಕು. ಇಳಿತದಲ್ಲಿ, ದಡದ ಮೇಲೆ ಓಡಾಡಿ ಮೇಯುವ ಪುಟ್ಟ ಹಕ್ಕಿಗಳಾದ ಸ್ಯಾಂಡ್ ಪ್ಲೋವರ್, ಕೆಂಟಿಶ್ ಪ್ಲೋವರ್‌ಗಳು ಒದ್ದೆ ಮರಳಿನ ಅಗಲಕ್ಕೂ ಚದುರಿರುತ್ತವೆ. ಉಬ್ಬರ ಏರಿದಂತೆ ಆ ಪಟ್ಟಿ ಕಿರಿದಾಗಿ ಅವು ತಾವಾಗಿಯೇ ಮೇಲಕ್ಕೆ ಬರುತ್ತವೆ. ಪೂರ್ಣ ಉಬ್ಬರಕ್ಕೆ ಒಂದೂವರೆ ಗಂಟೆ ಮೊದಲೇ ಹೋಗಿ, ಹಿಂದಿನ ಉಬ್ಬರ ಬಿಟ್ಟುಹೋದ ಕಸದ ಗೆರೆಗಿಂತ ತುಸು ಮೇಲೆ ಮಲಗಿ ಕಾಯುವುದು ಉತ್ತಮ. ಹಕ್ಕಿಯನ್ನು ಅಟ್ಟಿಸಿಕೊಂಡು ಹೋದರೆ ಸಿಗುವುದು ಅದರ ಬೆನ್ನು ಮಾತ್ರ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಇಂದು 8ಕ್ಕಿದ್ದರೆ ನಾಳೆ 8.50ರ ಸುಮಾರಿಗೆ. ಮೊಬೈಲಿನಲ್ಲಿ ಉಬ್ಬರ-ಇಳಿತದ ಪಟ್ಟಿ ನೋಡುವಾಗ ಮಂಗಳೂರು ಅಥವಾ ಮಲ್ಪೆಯದ್ದೇ ನೋಡಿ.

ಮಲಗಬೇಕು ಎಂದದ್ದು ಸುಮ್ಮನೆ ಅಲ್ಲ. ನಿಂತು ತೆಗೆದರೆ ಹಿಂಬದಿಗೆ ಬರೀ ಮರಳು ಬರುತ್ತದೆ. ಲೆನ್ಸ್ ನೆಲದಿಂದ ಒಂದಡಿಯೊಳಗಿದ್ದರೆ ದೂರದ ನೀರು ಮಸುಕಾದ ನೀಲಿಯಾಗಿ ಬಂದು ಹಕ್ಕಿ ಎದ್ದು ಕಾಣುತ್ತದೆ. ಕೆಳಗೆ ಹಾಸಲು ಹಳೆಯ ಗೋಣಿಯೊಂದು ಸಾಕು. ಲೆನ್ಸಿಗೆ ಆಧಾರವಾಗಿ, ಹಳೆ ಜೀನ್ಸಿನ ಒಂದು ಕಾಲು ಕತ್ತರಿಸಿ ಅದರಲ್ಲಿ 2 ಕಿಲೋ ಕುಚ್ಚಲಕ್ಕಿ ತುಂಬಿ ಎರಡೂ ತುದಿ ಹೊಲಿದರೆ ಟ್ರೈಪಾಡಿಗಿಂತ ಚೆನ್ನಾಗಿ ನಿಲ್ಲುತ್ತದೆ. ಮರಳ ಮೇಲೆ ಲೆನ್ಸ್ ಬದಲಿಸಲೇಬಾರದು.

ಶಟರ್: ಓಡಾಡುವ ಪ್ಲೋವರಿಗೆ 1/1000 ಸೆಕೆಂಡ್, ಹಾರುವ ಕಡಲಕಾಗೆ ಅಂದರೆ ಗಲ್‌ಗೆ, ಗರುಡಕ್ಕೆ 1/2000. ಅಪರ್ಚರ್ 5.6ರಿಂದ 8, ಐಎಸ್ಒ ಆಟೋ. ಎಕ್ಸ್‌ಪೋಶರ್ ವಿಷಯದಲ್ಲಿ ಮಾತ್ರ ಕ್ಯಾಮೆರಾವನ್ನು ನಂಬಬೇಡಿ. ಹೊಳೆಯುವ ಒದ್ದೆ ಮರಳು ಬೆಳಕು ಅಳೆಯುವ ಮೀಟರನ್ನು ಮೋಸಗೊಳಿಸಿ ಪ್ಲೋವರನ್ನು ಕಪ್ಪಾಗಿಸುತ್ತದೆ, ಹಾಗಾಗಿ +0.3ರಿಂದ +0.7 ಕೊಡಬೇಕು (ಪ್ಲಸ್ ಕೊಟ್ಟರೆ ಚಿತ್ರ ಬೆಳಗುತ್ತದೆ, ಮೈನಸ್ ಕೊಟ್ಟರೆ ಗಾಢವಾಗುತ್ತದೆ). ಬಿಳಿ ಆಕಾಶದ ಮುಂದೆ ಹಾರುವ ಗಲ್‌ಗೆ +1. ಬಿಸಿಲಿನಲ್ಲಿ ನಿಂತ ಬೆಳ್ಳಕ್ಕಿಗೆ ತದ್ವಿರುದ್ಧ, -0.7ರಿಂದ -1. ಗರುಡ ಇವೆಲ್ಲಕ್ಕಿಂತ ಕಷ್ಟದ್ದು: ತಲೆ-ಎದೆ ಅಚ್ಚ ಬಿಳಿ, ಉಳಿದ ಮೈ ಇಟ್ಟಿಗೆಗೆಂಪು. ಅದರಲ್ಲಿ ಬಿಳಿಯನ್ನು ಕಾಪಾಡಿಕೊಳ್ಳಿ. ಕೆಂಪು ಗಾಢವಾದರೆ ಆಮೇಲೆ ಕಂಪ್ಯೂಟರಿನಲ್ಲಿ ತಿಳಿಯಾಗಿಸಬಹುದು, ಬೆಳಕು ಹೆಚ್ಚಾಗಿ ಸುಟ್ಟುಹೋದ ಬಿಳಿ ಗರಿಯ ಗೆರೆ ಮತ್ತೆ ಬರುವುದಿಲ್ಲ. ಕೈರಂಪಣಿ, ಅಂದರೆ ದಡದಿಂದ ಹಗ್ಗ ಹಿಡಿದು ಎಳೆಯುವ ಬಲೆ, ಎಳೆಯುವುದು ಕಂಡರೆ ಅಲ್ಲೇ ನಿಲ್ಲಿ. ಬಲೆ ದಡಕ್ಕೆ ಬರುವ ಹೊತ್ತಿಗೆ ಗರುಡ, ಕಾಗೆ, ಬೆಳ್ಳಕ್ಕಿ ಎಲ್ಲವೂ ಹಾಜರು. ಹಗ್ಗದ ದಾರಿಗೆ ಅಡ್ಡ ಬರಬಾರದು, ಮೀನುಗಾರರನ್ನು ಕೇಳಿಯೇ ಹತ್ತಿರ ಹೋಗಬೇಕು.

ಸಂಜೆಗೆ ಹೊಳೆಬದಿ. ಸುವರ್ಣಾ, ಸೀತಾ ನದಿಗಳು ಕಡಲು ಸೇರುವ ಕೋಡಿ ಬೆಂಗ್ರೆಯ ನೆಲ ಒಂದು ಸಪೂರ ಪಟ್ಟಿ. ಪಡುವಕ್ಕೆ ಕಡಲು, ಮೂಡಕ್ಕೆ ಹೊಳೆ. ಮಂಗಳೂರಿನ ಬೆಂಗ್ರೆ, ತಣ್ಣೀರುಬಾವಿಯಲ್ಲೂ ಹಾಗೆಯೇ, ಫಲ್ಗುಣಿ ಮೂಡಬದಿಗಿದೆ. ಇಲ್ಲಿ ಸಂಜೆ ಮೂಡಕ್ಕೆ ಮುಖ ಮಾಡಿ ನಿಂತರೆ ಬಿಸಿಲು ಮತ್ತೆ ನಮ್ಮ ಬೆನ್ನಿಗೇ. ಬೆಳಿಗ್ಗೆ 8ಕ್ಕೆ ಉಬ್ಬರವಿದ್ದ ದಿನ ಇಳಿತ 2ರ ಸುಮಾರಿಗೆ. 4ರ ಹೊತ್ತಿಗೆ ನೀರು ಏರುತ್ತಿದ್ದರೂ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದ ಕೆಸರು ಇನ್ನೂ ತೆರೆದೇ ಇರುತ್ತದೆ. ಮಿಂಚುಳ್ಳಿ, ಬೆಳ್ಳಕ್ಕಿ, ಬಾಲ ಕುಣಿಸುವ ಸ್ಯಾಂಡ್‌ಪೈಪರ್ ಆಗ ಅಲ್ಲಿರುತ್ತವೆ. ಒಂದೇ ದಿನ ಎರಡೂ ಬದಿ ಸಿಗುವುದು ಈ ಕಾರಣಕ್ಕೆ. ಕಾರೊಳಗಿಂದಲೇ ತೆಗೆಯಬಹುದು, ಎಂಜಿನ್ ಆಫ್ ಮಾಡಿ. ಅದರ ನಡುಕ ಚಿತ್ರಕ್ಕೆ ಬರುತ್ತದೆ.

ಇಷ್ಟೆಲ್ಲ ಸಿದ್ಧತೆಯಿದ್ದರೂ ಹಕ್ಕಿ ಮೇಯುವುದನ್ನು ಬಿಟ್ಟು ಕತ್ತೆತ್ತಿ ನಿಂತಿತೆಂದರೆ ನಾವು ಮಿತಿ ದಾಟಿದ್ದೇವೆ ಎಂದರ್ಥ. ಅಲ್ಲೇ ನಿಲ್ಲಬೇಕು, ಸಾಧ್ಯವಾದರೆ ಎರಡು ಹೆಜ್ಜೆ ಹಿಂದೆ ಬರಬೇಕು. ಉಬ್ಬರದಲ್ಲಿ ಒಂದೆಡೆ ಒತ್ತಾಗಿ ಕುಳಿತ ಗುಂಪನ್ನಂತೂ ಎಬ್ಬಿಸಲೇಬಾರದು. ಮಾರ್ಚ್-ಏಪ್ರಿಲ್‌ನಲ್ಲಿ ಸ್ಯಾಂಡ್ ಪ್ಲೋವರುಗಳ ಎದೆ ಕೆಂಪೇರತೊಡಗಿದೆ ಎಂದರೆ ಅವು ಉತ್ತರದ ದೂರದ ಪಯಣಕ್ಕೆ ಕೊಬ್ಬು ಕೂಡಿಸುತ್ತಿವೆ; ಒಂದೊಂದು ಬಾರಿ ಎಬ್ಬಿಸಿದಾಗಲೂ ಅದರಲ್ಲಿ ಸ್ವಲ್ಪ ಖರ್ಚಾಗುತ್ತದೆ. ಆ ಕೆಂಪೆದೆಯ ಚಿತ್ರಕ್ಕೆ ಆಸೆ ಹೆಚ್ಚು, ಆದ್ದರಿಂದಲೇ ಆ ತಿಂಗಳಲ್ಲಿ ಇನ್ನಷ್ಟು ದೂರವಿರಬೇಕು.

ಮನೆಗೆ ಬಂದ ಮೇಲೆ ಕ್ಯಾಮೆರಾವನ್ನು ಒಣಬಟ್ಟೆಯಿಂದ ಉಜ್ಜಬೇಡಿ, ಉಪ್ಪಿನ ಹರಳು ಗೀರುತ್ತದೆ. ಮೊದಲು ಬ್ಲೋವರಿನಿಂದ ಮರಳು ಹಾರಿಸಿ, ಸಿಹಿನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿ, ಆಮೇಲೆ ಒಣಬಟ್ಟೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟು ಒಳಗೊಂದು ಪುಟ್ಟ ಹೈಗ್ರೋಮೀಟರ್ (ತೇವಾಂಶ ಅಳೆಯುವ ಮಾಪಕ) ಹಾಕಿ. ಮುಳ್ಳು 40ರಿಂದ 50 ಶೇಕಡದ ನಡುವೆ ಇರಬೇಕು. 60 ದಾಟಿದರೆ ಜೆಲ್ಲನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಒಣಗಿಸಿ, ಆರಿದ ಮೇಲೆ ಮತ್ತೆ ಹಾಕಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದನ್ನು ವಾರಕ್ಕೊಮ್ಮೆ ನೋಡದಿದ್ದರೆ ಲೆನ್ಸಿನೊಳಗೆ ಫಂಗಸ್ ಜೇಡರಬಲೆಯಂತೆ ಹಬ್ಬುತ್ತದೆ.